ಕಂಬದ ಸಾಲಿಗೆ ನಿಂತ ನೆಲ

ಗೋದಾಮುಗಳಿಗೆ ಕಾಂಕ್ರೀಟ್ ನೆಲ ಹಾಕುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಎರಡು ಬದಿಗೆ ಹಳಿಯ ಹಾಗೆ ಕಬ್ಬಿಣದ ಪಟ್ಟಿ ಕೂರಿಸಿ, ಅದರ ಮೇಲೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಇಬ್ಬರು ಹಿಡಿದು, ಗರಗಸದಂತೆ ಆಡಿಸುತ್ತ ಹಿಂದಕ್ಕೆ ಎಳೆದು ಮಟ್ಟ ಮಾಡುವುದು ಅವನ ಪದ್ಧತಿ. ಈ ಸಲದ ಗೋದಾಮು ಮಾತ್ರ ಕಣ್ಣು ಹಾಯಿಸಿದಷ್ಟೂ ಉದ್ದ. ಅದಕ್ಕಾಗಿ ಲೇಸರ್ ಯಂತ್ರ ಬಂತು. ನಡೆಸಲು ಬಂದವನು ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಹೆಂಡತಿಯ ತಮ್ಮ.

ಯಂತ್ರ ತೋಳು ಚಾಚಿ, ಲೇಸರ್ ತೋರಿಸಿದ ಮಟ್ಟಕ್ಕೆ ಹಸಿ ಕಾಂಕ್ರೀಟನ್ನು ಸವರಿಕೊಂಡು ಬರುತ್ತಿತ್ತು. ಅದಕ್ಕೆ ಎಟುಕದ ಗೋಡೆಯಂಚು, ಕಂಬದ ಬುಡಗಳಷ್ಟೇ ಮೇಸ್ತ್ರಿಯ ಪಾಲಿಗೆ ಉಳಿದವು.

"ಭಾವ, ಆ ಮೂಲೆ ಸ್ವಲ್ಪ ನೋಡ್ಕೊಳ್ಳಿ" ಎಂದು ಮೈದುನ ಕೂಗಿದಾಗಲೆಲ್ಲ ಮೇಸ್ತ್ರಿಯ ಮೈ ಉರಿಯುತ್ತಿತ್ತು.

ಮಧ್ಯಾಹ್ನ ಯಂತ್ರದ ಎಣ್ಣೆ ಪೈಪು ಒಡೆಯಿತು. ಎಣ್ಣೆ ಬಿದ್ದಷ್ಟು ಕಾಂಕ್ರೀಟನ್ನು ಆಳುಗಳು ಬಾಚಿ ಹೊರಗೆ ಹಾಕಿದರು. ಬಾಗಿಲ ಬಳಿ ಲಾರಿಗಳು ಡ್ರಮ್ಮು ತಿರುಗಿಸುತ್ತ ಕಾದಿದ್ದವು.

"ಮೇಸ್ತ್ರಿ, ಕೈಯಲ್ಲಿ ಎಳೆಯೋಕಾಗುತ್ತಾ?" ಎಂದು ಕೆಲಸದ ಉಸ್ತುವಾರಿಯ ಎಂಜಿನಿಯರಮ್ಮ ಕೇಳಿದಳು.

"ಅದೇನು ಮಹಾ!" ಎಂದ ಮೇಸ್ತ್ರಿ. ಒಳಗೊಳಗೇ ಹಿಗ್ಗಿದ.

ಪಟ್ಟಿಯ ಇನ್ನೊಂದು ತುದಿಗೆ ಮೈದುನ ನಿಂತ. ಮೊದಮೊದಲು ಪಟ್ಟಿ ಬೆಣ್ಣೆಯ ಮೇಲೆ ಹರಿದಂತೆ ಹರಿಯಿತು. ಬರಬರುತ್ತ ಮೇಸ್ತ್ರಿಯ ಬಲಭುಜದಲ್ಲಿ ಹಳೆಯ ನೋವು ಚಳಕ್ಕೆಂದಿತು. ಅದನ್ನು ಅವನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಭಾವ, ಸ್ವಲ್ಪ ನಿಲ್ಲೋಣ್ವಾ?"

"ಸುಮ್ನೆ ಎಳಿ."

ಎಳೆದರು. ಮೇಸ್ತ್ರಿ ಬಗ್ಗಿ ನೋಡಿದ. ತನ್ನ ಕಡೆ ಕಾಂಕ್ರೀಟು ಸರಿಯಾಗಿ ಮಟ್ಟವಾಗದೆ ಉಬ್ಬಿಕೊಂಡಿತ್ತು. ಮೈದುನನೂ ನೋಡಿದ. ಮುಂದಿನ ಕಂಬದ ಸಾಲಿಗೆ ಹೇಗಿದ್ದರೂ ನೆಲದ ಎರಡು ಭಾಗ ಕೂಡುವ ಒಂದು ಜೋಡಣೆ ಬರುವುದಿತ್ತು. ಅಲ್ಲಿಗೆ ನಿಲ್ಲಿಸಿದರೆ ನೆಲಕ್ಕೇನೂ ಕೇಡಿಲ್ಲ. ದಾಟಿ ಹೋಗಿ ಅರ್ಧದಲ್ಲಿ ಕೈಚೆಲ್ಲಿದರೆ ಒಡೆದೇ ತೆಗೆಯಬೇಕು.

"ಕಂಬದ ಸಾಲಿಗೆ ಹಲಗೆ ಕಟ್ರೋ. ಮಿಕ್ಕ ಲಾರಿ ವಾಪಸ್ ಕಳಿಸಿ" ಎಂದು ಮೇಸ್ತ್ರಿ ಆಳುಗಳಿಗೆ ಕೂಗಿದ.

ಎಂಜಿನಿಯರಮ್ಮ ಸಿಡಿಮಿಡಿಗೊಂಡಳು. "ಆಗುತ್ತೆ ಅಂದಿದ್ರಲ್ಲ! ಎಲ್ಲಾ ಆ ಯಂತ್ರದಿಂದ..."

"ಯಂತ್ರದ್ದಲ್ಲಮ್ಮ. ನನ್ನ ಭುಜ ಕೈಕೊಡ್ತು. ಮೊದ್ಲೇ ಹೇಳ್ಬೇಕಿತ್ತು."

ಮೈದುನ ತಲೆತಗ್ಗಿಸಿ ಪಟ್ಟಿ ತೊಳೆಯತೊಡಗಿದ. ಉಬ್ಬಿದ್ದನ್ನು ಇಬ್ಬರೂ ಸೇರಿ ಕೆರೆದು, ಮತ್ತೆ ಸವರಿ, ಹಲಗೆಯವರೆಗೆ ಮುಗಿಸಿದರು. ಪೈಪು ಬದಲಾಯಿಸಿದ ಯಂತ್ರ ಮರುದಿನ ಅಲ್ಲಿಂದಲೇ ಕೆಲಸ ಮುಂದುವರಿಸುವುದೆಂದಾಯಿತು.

ಸಂಜೆ ಮೈದುನನೇ ಮೇಸ್ತ್ರಿಯನ್ನು ಮನೆಗೆ ಕರೆತಂದ, ಅಕ್ಕನಿಗೆ ನಡೆದದ್ದನ್ನೆಲ್ಲ ಒಪ್ಪಿಸಿದ. ಅವಳು ಗಂಡನ ಅಂಗಿ ಬಿಚ್ಚಿಸಿ ಭುಜಕ್ಕೆ ಎಣ್ಣೆ ತಿಕ್ಕಿದಳು, ಬೇಕೆಂದೇ ಸ್ವಲ್ಪ ಜೋರಾಗಿ.

"ಊರಿಗೆಲ್ಲ ಹೇಳಿದ ಮೇಲೆ ನನಗೆ ಗೊತ್ತಾಗ್ಬೇಕಾ?" ಎಂದಳು.

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕೂತ.