ಬಲಗಡೆಯ ಸೀಟು

ನನ್ನ ತಮ್ಮನ ಮೊಮ್ಮಗನಿಗೆ ಮೊದಲ ಸಲ ಕೂದಲು ಕತ್ತರಿಸುವ ದಿನ ನಾವು ತಲುಪುವ ಹೊತ್ತಿಗೆ ಮಗುವಿನ ತಲೆ ಬೋಳಾಗಿತ್ತು, ಕುರಿಮಾಂಸದ ಹಂಡೆ ಬರಿದಾಗಿತ್ತು, ತಮ್ಮನ ಹೆಂಡತಿ ಬಟ್ಟಲು ತೊಳೆಯುತ್ತಿದ್ದಳು. ನಾಲ್ಕು ಗಂಟೆಯ ದಾರಿ. ಬೆಳಗ್ಗೆ ಆರಕ್ಕೆ ಹೊರಟಿದ್ದೆವು. ಜೀಪು ಮೂರು ಕಡೆ ನಿಂತಿತು, ಮೂರು ಕಡೆಯೂ ನನ್ನ ಗಂಡ ಚೋಯಿಜಿಲ್ ಅದರ ಕೆಳಗೆ ತೂರಿಕೊಂಡ, ಮೂರು ಕಡೆಯೂ ನಾನು ಗಾಳಿಯಲ್ಲಿ ನಿಂತು ಸ್ಪ್ಯಾನರ್ ಎತ್ತಿಕೊಟ್ಟೆ.

ತಮ್ಮ ನಕ್ಕ. "ಅಕ್ಕ, ಇವನ ತಂಗಿದು ಇನ್ನೆರಡು ವರ್ಷಕ್ಕೆ. ಈಗ್ಲೇ ಹೊರಟುಬಿಡು, ಸರಿಹೋಗುತ್ತೆ."

ಎಲ್ಲರೂ ನಕ್ಕರು, ಚೋಯಿಜಿಲ್ ಕೂಡ. ನಾನು ನಗಲಿಲ್ಲ. ವಾಪಸು ಬರುವಾಗ ಹೇಳಿದೆ: "ಈ ಸಲ ಮೇಕೆ ತುಪ್ಪಳ ಮಾರಿದ ದುಡ್ಡಿದೆ. ಬೇರೆ ಗಾಡಿ ತಗೊಳ್ತೀವಿ."

"ಇದಕ್ಕೇನಾಗಿದೆ?" ಎಂದ.

ನಮ್ಮದು ರಷ್ಯದ ಜೀಪು. ನಮ್ಮ ಮಗಳು ಅರ್ಯುನಾ ಹುಟ್ಟಿದ ವರ್ಷ ಸರ್ಕಾರದ ಪಶುಪಾಲನಾ ಸಂಘ ಮುಚ್ಚಿತು. ಅದರ ಕುರಿ, ಕುದುರೆ, ಸಾಮಾನೆಲ್ಲ ಹಂಚಿದಾಗ, ಸಂಘದ ಡ್ರೈವರ್ ಆಗಿದ್ದ ಚೋಯಿಜಿಲ್‌ನ ಪಾಲಿಗೆ ಬಂದದ್ದು ಈ ಜೀಪು. ಆಗಲೇ ಅದು ಹಳೆಯದು. ಅವನಿಗೆ ಅದರ ಒಂದೊಂದು ನಟ್ಟಿನ ಪರಿಚಯವೂ ಇದೆ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಹಿಟ್ಟು ಸುರಿಯುತ್ತಾನೆ. ಏನಾದರೂ ಕಳಚಿದರೆ ತಂತಿ ಸುತ್ತುತ್ತಾನೆ. ಓಡುತ್ತದೆ, ಇಲ್ಲವೆನ್ನಲಾರೆ.

ಆದರೆ ಅದರ ಸ್ಟೀರಿಂಗ್ ಎಡಗಡೆ, ನಾನು ಕೂರುವುದು ಬಲಗಡೆ. ಬಲಗಡೆಯ ಬಾಗಿಲಿನ ಚಿಲಕ ಹೋಗಿ ಹನ್ನೊಂದು ವರ್ಷ. ಅದನ್ನು ಚರ್ಮದ ಪಟ್ಟಿಯಿಂದ ಕಟ್ಟಿ, ಮೇಲೆ ಮೊಣಕೈಯಿಂದ ಅದುಮಿ ಹಿಡಿದಿರಬೇಕು. ಕಾಲಡಿಯ ತಗಡಿನಲ್ಲಿ ಬಟ್ಟಲಿನಷ್ಟು ತೂತು, ಅಲ್ಲಿಂದ ದಾರಿಯ ಧೂಳೆಲ್ಲ ಒಳಕ್ಕೆ. ಸೀಟಿನ ಸ್ಪ್ರಿಂಗು ಎಲ್ಲಿ ಚುಚ್ಚುತ್ತದೆ ಎಂದು ಹೇಳುವುದು ಬೇಡ. ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಬಾಗಿಲಿಗೂ ಗಾಡಿ ಓಡೋದಕ್ಕೂ ಏನು ಸಂಬಂಧ?"

ನಾನು ಬಿಡಲಿಲ್ಲ. ಜೂನ್‌ನಲ್ಲಿ ಇಬ್ಬರೂ ತಾಲ್ಲೂಕಿನ ಪೇಟೆಗೆ ಹೋದೆವು. ಅಲ್ಲಿ ಲೊದೊಯ್ ಎಂಬವನು ರಾಜಧಾನಿ ಉಲಾನ್‌ಬಾತರ್‌ನಿಂದ ಜಪಾನಿನ ಹಳೆಯ ಗಾಡಿಗಳನ್ನು ತಂದು ಮಾರುತ್ತಾನೆ. ನಾಲ್ಕೂ ಚಕ್ರ ಎಳೆಯುವ ಒಂದು ಬಿಳಿ ಗಾಡಿಯನ್ನು ನಮಗಾಗಿ ತೊಳೆದು ನಿಲ್ಲಿಸಿದ್ದ.

ಚೋಯಿಜಿಲ್ ಬಾನೆಟ್ ಎತ್ತಿಸಿದ. ಒಳಗೆ ಇಡೀ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ.

"ಇಂಜಿನ್ ಎಲ್ಲಿ?"

"ಅದರ ಕೆಳಗಿದೆ ಅಣ್ಣ."

"ಕೆಟ್ರೆ?"

"ಕೆಡಲ್ಲ."

"ಕೆಟ್ರೆ ಅಂದೆ."

"ಉಲಾನ್‌ಬಾತರ್‌ಗೆ ತಗೊಂಡ್ಹೋಗ್ಬೇಕು."

"ಕೇಳಿಸ್ತಾ?" ಎಂದು ಚೋಯಿಜಿಲ್ ನನ್ನ ಕಡೆ ತಿರುಗಿದ. ಕುಸ್ತಿಯಲ್ಲಿ ಗೆದ್ದವನ ಮುಖ. "ಕೆಟ್ರೆ ನಾನೂರು ಕಿಲೋಮೀಟರ್ ಹೊತ್ಕೊಂಡು ಹೋಗ್ಬೇಕಂತೆ."

ಲೊದೊಯ್ ವ್ಯಾಪಾರ ಬಲ್ಲವನು. ಚೋಯಿಜಿಲ್ ಜೊತೆ ವಾದಕ್ಕಿಳಿಯದೆ ನನ್ನನ್ನು ಕರೆದ. "ಅಕ್ಕ, ನೀವೊಂದ್ಸಲ ಕೂತು ನೋಡಿ."

ಯಾವತ್ತಿನ ಅಭ್ಯಾಸದಂತೆ ಬಲಗಡೆ ಹೋಗಿ, ಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೀರಿಂಗ್ ಇತ್ತು. ಜಪಾನಿನ ಗಾಡಿಗಳಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆಂದು ನನಗೂ ಗೊತ್ತು, ನೂರು ಸಲ ನೋಡಿದ್ದೇನೆ. ಆದರೂ ಆ ಕ್ಷಣ ಯಾರೋ ನನಗಾಗಿಯೇ ಅದನ್ನು ಅಲ್ಲಿ ತಂದಿಟ್ಟಂತೆ ಅನ್ನಿಸಿತು. ಐದು ವರ್ಷಕ್ಕೆ ಕುದುರೆ ಹತ್ತಿದವಳು, ಮೋಟಾರ್ ಸೈಕಲ್ಲಿನಲ್ಲಿ ಕುರಿ ಅಟ್ಟಿದವಳು ನಾನು. ನಾಲ್ಕು ಚಕ್ರದ್ದನ್ನು ಮಾತ್ರ ಮುಟ್ಟಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಆ ಜಾಗದಲ್ಲಿ ಯಾವಾಗಲೂ ಚೋಯಿಜಿಲ್ ಕೂತಿರುತ್ತಿದ್ದ, ಅಷ್ಟೇ.

"ಇದು ಹೋಗೋಕೆ, ಇದು ನಿಲ್ಲೋಕೆ," ಎಂದು ಲೊದೊಯ್ ಗಾಡಿ ಚಾಲೂ ಮಾಡಿ ಎರಡು ಪೆಡಲು ತೋರಿಸಿದ. "ಇನ್ನೇನೂ ಇಲ್ಲ."

ಮೊದಲನೆಯದನ್ನು ಒತ್ತಿದೆ. ಚೋಯಿಜಿಲ್ ಓಡಿಬಂದು ಎಡಗಡೆ ಹತ್ತಿಕೊಂಡ, ಲೊದೊಯ್ ಹಿಂದಿನ ಸೀಟಿಗೆ ಹಾರಿದ. ಪೇಟೆ ದಾಟಿ ಹುಲ್ಲುಗಾವಲಿಗೆ ಇಳಿದೆವು. ಸದ್ದೇ ಇಲ್ಲ. ಯಾರದೋ ಕುದುರೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಪಕ್ಕದಲ್ಲಿ ಚೋಯಿಜಿಲ್ ಬರಿಯ ನೆಲದ ಮೇಲೆ ಬ್ರೇಕು ತುಳಿಯುತ್ತಿದ್ದ.

"ನಿಧಾನ."

"ನಿಧಾನಕ್ಕೇ ಹೋಗ್ತಿದೀನಿ."

"ಅಲ್ಲಿ ಗುಂಡಿ ಇದೆ."

"ನನಗೂ ಕಣ್ಣಿದೆ, ಮುದುಕ."

ತಿರುಗಿ ಪೇಟೆಗೆ ಬಂದೆವು. ಚೋಯಿಜಿಲ್ ಯೋಚಿಸಲು ಮೂರು ದಿನ ಕೇಳಿದ. "ಮೂರೇ ದಿನ ಅಣ್ಣ, ಇನ್ನೊಬ್ರು ಕಾಯ್ತಿದಾರೆ," ಎಂದ ಲೊದೊಯ್.

ಜೀಪಿನಲ್ಲಿ ಮನೆಯ ದಾರಿ ಹಿಡಿದು ಅರ್ಧ ಗಂಟೆ ಬಂದೆವು. ಆಮೇಲೆ ನಾನು, "ನಿಲ್ಸು," ಎಂದೆ.

"ಯಾಕೆ?"

"ಈ ಕಡೆ ಬಾ. ಇದನ್ನೂ ಓಡಿಸಿ ನೋಡ್ತೀನಿ."

ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಸುಮ್ಮನೆ ಇಳಿದು ಸುತ್ತಿ ಬಂದ. "ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಕೇಳ್ಲಿಲ್ವಲ್ಲ ನೀನು."

"ನೀನು ಎದ್ದಿದ್ರೆ ಕೇಳ್ತಿದ್ದೆ."

ಆ ಕ್ಲಚ್ಚು ಕಾಲಿಗೆ ಬಗ್ಗುವಂಥದಲ್ಲ. ಉಣ್ಣೆ ಕತ್ತರಿಸಲು ಕೆಡವಿದ ಟಗರನ್ನು ಅದುಮಿ ಹಿಡಿದ ಹಾಗೆ. ನಾಲ್ಕು ಸಲ ಇಂಜಿನ್ ಆಫ್ ಆಯಿತು. ಐದನೆಯ ಸಲ ಜೀಪು ಜಿಗಿದು ಹೊರಟಿತು. ಚೋಯಿಜಿಲ್‌ನ ತಲೆ ಮೇಲಿನ ಕಂಬಿಗೆ ತಾಗಿತು, ಅವನ ಪಕ್ಕದ ಬಾಗಿಲು ಪಟ್ಟಿ ಜಗ್ಗಿ ಅರ್ಧ ತೆರೆದುಕೊಂಡಿತು.

"ಬಾಗಿಲು, ಬಾಗಿಲು," ಎಂದ.

"ಮೊಣಕೈಲಿ ಅದುಮ್ಕೋ."

"ಎಲ್ಲೀವರ್ಗೆ?"

"ಮನೆವರ್ಗೆ."

ಮರುದಿನ ಹೊಳೆಯಿಂದ ನೀರು ತರಲು ನಾನೇ ಓಡಿಸಿದೆ. ಮಧ್ಯಾಹ್ನ ಮೇಕೆಗಳ ಔಷಧಿಗೆಂದು ಪಶುವೈದ್ಯರ ಮನೆಗೂ ನಾನೇ. ಬರುವಾಗ ಜೀಪು ಎರಡು ಸಲ ಕೆಮ್ಮಿ ನಿಂತಿತು. ಚೋಯಿಜಿಲ್ ಇಳಿಯಲು ಹೊರಟ, ಆದರೆ ಪಟ್ಟಿಯ ಗಂಟು ಅವನಿಗೆ ಬಗೆಹರಿಯಲಿಲ್ಲ. ನಾನಾಗಲೇ ಬಾನೆಟ್ ಎತ್ತಿದ್ದೆ.

"ಎಡಗಡೆ ಸಣ್ಣ ಪೈಪಿದೆ ನೋಡು," ಎಂದು ಕಿಟಕಿಯಿಂದ ಕೂಗಿದ. "ಬಿಚ್ಚಿ ಊದು. ಒಳಕ್ಕೆಳ್ಕೋಬೇಡ, ಊದು."

ಊದಿದೆ. ಬಾಯಿ ತುಂಬ ಪೆಟ್ರೋಲಿನ ರುಚಿ. ಏನೋ ಕಸ ಹಾರಿತು. ಪೈಪು ಸಿಕ್ಕಿಸಿ, ಉಗಿದು, ಬಂದು ಕೀಲಿ ತಿರುಗಿಸಿದೆ. ಇಂಜಿನ್ ಚಾಲೂ ಆಯಿತು. ಮೂವತ್ತು ವರ್ಷ ಅವನು ಜೀಪಿನ ಕೆಳಗಿಂದ ಎದ್ದು ಬರುವಾಗ ಅವನ ಮುಖದ ಮೇಲೆ ಇರುತ್ತಿದ್ದುದೇನೆಂದು ನನಗೆ ಆಗ ತಿಳಿಯಿತು.

ಅವತ್ತು ಸಂಜೆ ಗೇರ್‌ನೊಳಗೆ, ಅಂದರೆ ನಮ್ಮ ದುಂಡನೆಯ ಡೇರೆಯೊಳಗೆ, ಒಲೆಯ ಪಕ್ಕ, ಅವನು ಹುಬ್ಬಿನ ಮೇಲೆಲ್ಲ ಧೂಳು ಹೊತ್ತು ಕೂತಿದ್ದ. ಮೂರು ಬಟ್ಟಲು ಉಪ್ಪು ಚಹಾ ಕುಡಿದು ಹೇಳಿದ: "ಸೆವ್ಜಿದ್, ಲೊದೊಯ್‌ಗೆ ಫೋನ್ ಮಾಡು. ಆ ಬಿಳಿ ಗಾಡಿ ತಗೊಳ್ಳೋಣ."

"ಯಾಕೆ? ಚೆನ್ನಾಗೇ ಓಡುತ್ತಲ್ಲ."

"ಓಡುತ್ತೆ. ಕೂರೋಕಾಗಲ್ಲ."

ನಾನು ಚಹಾ ಚೆಲ್ಲುವಷ್ಟು ನಕ್ಕೆ. ಅವನು ನಗುತ್ತಿರಲಿಲ್ಲ. "ಹನ್ನೊಂದು ವರ್ಷ ಹೀಗೇ ಕೂತಿದ್ಯಾ?"

"ಹೇಳ್ತಾನೇ ಇದ್ದೆ."

"ಹೌದು, ಹೇಳ್ತಿದ್ದೆ ನೀನು," ಎಂದ. ಅವತ್ತು ನಾನು ಫೋನ್ ಮಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಾನು ಹಾಲು ಕರೆದು ಬರುವಷ್ಟರಲ್ಲಿ ಬಲಗಡೆಯ ಸೀಟು ಹುಲ್ಲಿನ ಮೇಲಿತ್ತು. ನೆರೆಯವನ ಗುಜರಿ ಜೀಪಿನಿಂದ ಚಿಲಕ ತಂದಿದ್ದ. ಹಳೆಯ ಒಲೆಯ ತಗಡು ಕತ್ತರಿಸಿ ಕಾಲಡಿಯ ತೂತಿಗೆ ಬಡಿದ. ಸೀಟಿನ ಸ್ಪ್ರಿಂಗು ಕಿತ್ತೆಸೆದು ಕುದುರೆಯ ಜೂಲಿನ ಕೂದಲು ತುಂಬಿ ಹೊಲಿದ. ಬಿಸಿಲು ಇಳಿಯುವ ಮೊದಲೇ ಎಲ್ಲ ಮುಗಿಯಿತು. ಬಾಗಿಲು ಟಕ್ ಎಂದು ಮುಚ್ಚಿತು. ನನಗೆ ಸಂತೋಷವಾಗಬೇಕಿತ್ತು, ಸಿಟ್ಟು ಬಂತು. ಒಂದೇ ದಿನದ ಕೆಲಸವಾಗಿತ್ತು ಅದು. 

ಊಟ ಮಾಡುತ್ತಿದ್ದಾಗ ಲೊದೊಯ್‌ನ ಫೋನು ಬಂತು. "ಏನ್ ತೀರ್ಮಾನ ಅಕ್ಕ?"

ಚೋಯಿಜಿಲ್‌ನ ಕಡೆ ನೋಡಿದೆ. "ಓಡಿಸೋಳು ನೀನು. ನೀನೇ ಹೇಳು," ಎಂದ.

ಆ ಬಿಳಿ ಗಾಡಿ ಮೆತ್ತಗಿತ್ತು, ಅದರ ಆಸೆ ಪೂರ್ತಿ ಹೋಗಿರಲಿಲ್ಲ. ಆದರೆ ಆ ಕಪ್ಪು ಮುಚ್ಚಳದ ಕೆಳಗೆ ನನಗೆ ಊದಲು ಯಾವ ಪೈಪೂ ಸಿಗುವಂತಿರಲಿಲ್ಲ. "ಬೇಡ ತಮ್ಮ. ಇನ್ನೊಬ್ರಿಗೆ ಕೊಟ್ಬಿಡು," ಎಂದೆ.

"ಆ ತಗಡಿನ ಡಬ್ಬಾನೇ ಇಟ್ಕೊಳ್ತೀರಾ?"

"ಇಟ್ಕೊಳ್ತೀವಿ. ಅದರ ಕತೆ ಮುಗಿದ ದಿನ ನಾನೇ ಬರ್ತೀನಿ."

ತುಪ್ಪಳದ ದುಡ್ಡಿನಲ್ಲಿ ನಾಲ್ಕು ಹೊಸ ಟೈರು ಹಾಕಿಸಿದೆವು. ಅರ್ಯುನಾ ನಗರದಿಂದ ಫೋನ್ ಮಾಡಿ, "ಅಂತೂ ಅಪ್ಪನೇ ಗೆದ್ರು ಅನ್ನು," ಎಂದಳು. ಅವಳಿಗೆ ವಿವರಿಸಲು ಹೋಗಲಿಲ್ಲ, ದೊಡ್ಡ ಕತೆ.

ಹೋದ ತಿಂಗಳು ಚಳಿಗಾಲದ ಜಾಗಕ್ಕೆ ಬಿಡಾರ ಎತ್ತಿದೆವು. ಗೇರ್, ಒಲೆ, ಪೆಟ್ಟಿಗೆಗಳೆಲ್ಲ ಬಾಡಿಗೆ ಲಾರಿಯಲ್ಲಿ, ಅದರ ಮುಂದೆ ಜೀಪಿನಲ್ಲಿ ನಾವು. ದಾರಿ ಕವಲೊಡೆಯುವಲ್ಲಿ ಚೋಯಿಜಿಲ್ ಕಣಿವೆಯ ಕಡೆ ಕೈ ತೋರಿಸಿದ. ನಾನು ಹೊಳೆಯ ಕಡೆ ತಿರುಗಿಸಿದೆ.

"ಇದು ಸುತ್ತು ದಾರಿ."

"ಗೊತ್ತು. ಈ ದಾರೀಲಿ ನಮ್ಮಕ್ಕನ ಮನೆ ಇದೆ. ಪ್ರತಿ ವರ್ಷ ಹೊತ್ತಾಯ್ತು ಅಂತ ಬಿಟ್ಟು ಹೋಗ್ತಿದ್ಯಲ್ಲ."

ಹಿಂದೆ ಲಾರಿಯವನು ಎರಡು ಸಲ ಹಾರನ್ ಹೊಡೆದು, ಆಮೇಲೆ ನಮ್ಮ ಹಿಂದೆಯೇ ಬಂದ. ಅಕ್ಕ ನಾಯಿಯನ್ನು ಹಿಡಿದುಕೊಂಡು ಹೊರಗೆ ಬಂದಳು. ಜೀಪಿನ ಎಡಗಡೆಯಿಂದ ನಾನು ಇಳಿಯುವುದನ್ನು ನೋಡಿದಳು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.