ಒಂದೇ ಥಾನಿನ ಬಟ್ಟೆ

ಸಲಾಕೆ ಮತ್ತೊಮ್ಮೆ ಕೊಳವೆಯೊಳಗೆ ಹೋಯಿತು, ಅರ್ಧದಲ್ಲಿ ಏನಕ್ಕೋ ತಗುಲಿ ನಿಂತಿತು. ಪೈಪಿನವನು ಮೈಭಾರವನ್ನೆಲ್ಲ ಹಾಕಿ ಒತ್ತಿದ. ಚೇಂಬರಿನ ಕಪ್ಪು ನೀರು ಗುಳಕ್ಕೆಂದು ಒಂದು ಗುಳ್ಳೆ ಬಿಟ್ಟಿತೇ ಹೊರತು ಒಂದಿಂಚೂ ಇಳಿಯಲಿಲ್ಲ.

"ಏನಯ್ಯಾ, ಸಿಕ್ತಾ?" ಮೆಟ್ಟಿಲ ಮೇಲೆ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ ಓನರಮ್ಮ ಕೇಳಿದರು.

"ಬಟ್ಟೆ ಇದ್ದಂಗಿದೆ ಅಮ್ಮಾ. ಮೆತ್ತಗೆ ಸಿಗ್ತಾ ಇದೆ, ಆದ್ರೆ ಬಿಡ್ತಾ ಇಲ್ಲ."

ಬಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಂಗಳದಲ್ಲಿ ನಿಂತಿದ್ದ ಟೈಲರಮ್ಮ ತಿರುಗಿ ತನ್ನ ಮನೆಯ ಬಾಗಿಲನ್ನು ನೋಡಿದಳು. ಹೊರಗಿನಿಂದ ಹಾಕಿದ ಚಿಲಕ ಹಾಕಿದಂತೆಯೇ ಇತ್ತು.

ಬಿಡದೆ ಸುರಿದ ಬಿರುಮಳೆ ಬೆಳಗಿನ ಹೊತ್ತಿಗೆ ನಿಂತು, ಈಗ ತನಗೇನೂ ಗೊತ್ತೇ ಇಲ್ಲವೆಂಬಂತೆ ಬಿಸಿಲು ಬಿದ್ದಿತ್ತು. ಆ ಕಟ್ಟಡದಲ್ಲಿ ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಮನೆ. ಅಷ್ಟೂ ಮನೆಯ ಬಚ್ಚಲು, ಪಾಯಿಖಾನೆಯ ನೀರು ಅಂಗಳದ ಈ ಒಂದೇ ಚೇಂಬರಿಗೆ ಬಂದು ಬೀದಿಯ ಮೋರಿ ಸೇರಬೇಕು. ನಿನ್ನೆಯಿಂದ ಸೇರುತ್ತಿಲ್ಲ. ಮೇಲಿನವರು ಬಿಟ್ಟದ್ದೆಲ್ಲ ಕೆಳಗಿನವರ ಬಚ್ಚಲಲ್ಲಿ ಉಕ್ಕಿ ಅಡುಗೆಮನೆಯ ಹೊಸ್ತಿಲು ಮುಟ್ಟಿತ್ತು. ಕೆಳಗಿನವರೆಂದರೆ ಟೈಲರಮ್ಮ ಮತ್ತು ಕೆಲಸದಿಂದ ನಿವೃತ್ತರಾದ ಬಸ್ ಕಂಡಕ್ಟರ್. ಕಂಡಕ್ಟರರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, "ನಮ್ಮ ಬಸ್ಸಿನ ಥರಾನೇ ಆಯ್ತಲ್ಲ ಇದು. ಹತ್ತೋರೇ ಎಲ್ಲಾ, ಇಳಿಯೋರು ಒಬ್ಬರೂ ಇಲ್ಲ" ಎಂದರು. ಯಾರೂ ನಗಲಿಲ್ಲ. ನಗುವ ಹಾಗೂ ಇರಲಿಲ್ಲ, ಏಕೆಂದರೆ ಓನರಮ್ಮ ಆಗಲೇ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು.

"ಮಳೆ ಶುರುವಾಗೋ ಮುಂಚೆನೇ ಬಾಯಿ ಬಡ್ಕೊಂಡಿದ್ದೆ, ಪೈಪಿಗೆ ಏನೂ ಹಾಕ್ಬೇಡಿ ಅಂತ. ಇವತ್ತು ಯಾರ ಮನೇದು ಸಿಗುತ್ತೋ, ಅವರು ಮನೆ ಖಾಲಿ ಮಾಡ್ಬೇಕು. ಅಷ್ಟೇ. ನನಗೆ ದಾಕ್ಷಿಣ್ಯ ಇಲ್ಲ."

ದಾಕ್ಷಿಣ್ಯ ಇಲ್ಲದ್ದು ಎಲ್ಲರಿಗೂ ಗೊತ್ತಿದ್ದದ್ದೇ.

ಟೈಲರಮ್ಮನಿಗೆ ಇದು ಹೊಸದಲ್ಲ. ಹಿಂದಿನ ಮನೆಯನ್ನು ಬಿಟ್ಟದ್ದೂ ಇದೇ ಕಾರಣಕ್ಕೆ. ಅವಳ ಅಪ್ಪನಿಗೆ ಮರೆವು. ಒಂದು ಕಾಲಕ್ಕೆ ಗಡಿಯಾರ ರಿಪೇರಿಯಲ್ಲಿ ಹೆಸರು ಮಾಡಿದ್ದವನು, ಅಂಗಿಯ ಮೇಲೆ ಎಣ್ಣೆಯ ಒಂದು ಹನಿ ಬೀಳಲು ಬಿಟ್ಟವನಲ್ಲ, ಈಗ ಮೈಮೇಲಿನ ಬಟ್ಟೆಯನ್ನು ಪಾಯಿಖಾನೆಯ ಗುಂಡಿಗೆ ತುರುಕುತ್ತಿದ್ದ. ಒಮ್ಮೆ ಬಕೆಟ್ ಮೇಲೆ ಬಕೆಟ್ ನೀರು ಸುರಿಯುತ್ತ ಸಿಕ್ಕಿಬಿದ್ದಿದ್ದ. ಯಾಕಪ್ಪ ಎಂದರೆ, "ಗೊತ್ತಿಲ್ಲ ಮಗಳೇ, ಮರೆತುಹೋಯ್ತು" ಎಂದು ಗೋಡೆ ನೋಡಿದ. ಅವಳು ಬೈದಳು, ಅತ್ತಳು, ಊಟದ ತಟ್ಟೆಯನ್ನು ಕುಕ್ಕಿದಳು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ತಲೆ ಕೆಟ್ಟವರ ಮೇಲೆ ಸಿಟ್ಟು ಮಾಡಿ ಏನು ಬಂತು? ಮುದುಕನಿರುವ ಮನೆಗೆ ಬಾಡಿಗೆ ಸಿಗುವುದೇ ಕಷ್ಟ. ಈ ಮನೆಯಲ್ಲಿ ಹೊಲಿಗೆಗೆ ಬೆಳಕಿತ್ತು, ಗಿರಾಕಿಗಳು ಬಾಗಿಲಿಗೇ ಬರುತ್ತಿದ್ದರು. ಇದನ್ನೂ ಬಿಟ್ಟರೆ ಮಿಷನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು ಎಂದು ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅದಕ್ಕೇ, ಸಲಾಕೆಗಳ ಕಟ್ಟು ಅಂಗಳದಲ್ಲಿ ಬಿದ್ದ ಸದ್ದು ಕೇಳಿದ ಕೂಡಲೇ, "ಹೊರಗೆಲ್ಲ ಗಲೀಜು, ಮಲಗಿರಪ್ಪ" ಎಂದು ಹೇಳಿ ಚಿಲಕ ಹಾಕಿ ಬಂದಿದ್ದಳು.

"ಬಂತು, ಬಂತು!" ಪೈಪಿನವನು ಸಲಾಕೆಯನ್ನು ತಿರುಚುತ್ತ ಹಿಂದಕ್ಕೆಳೆದ. ತುದಿಯ ಕೊಕ್ಕೆಗೆ ಸಿಕ್ಕಿಕೊಂಡು ಬಂದ ಮುದ್ದೆ ಕಲ್ಲಿನ ಮೇಲೆ ಪಚಕ್ಕೆಂದು ಬಿತ್ತು. ಕೆಸರು, ಎಲೆ, ಕೂದಲು, ನಡುವೆ ಬಟ್ಟೆಯ ಒಂದು ಹರುಕು. ನೀರು ಬೆರಳಷ್ಟು ಇಳಿಯಿತು. "ಇನ್ನೂ ಇದೆ ಒಳಗೆ" ಎಂದು ಅವನು ಮತ್ತೆ ಬಗ್ಗಿದ.

ಕಂಡಕ್ಟರರು ಒಂದು ಚೊಂಬು ನೀರು ಸುರಿದರು. ಕೆಸರು ಹರಿದು ಬಟ್ಟೆಯ ಬಿಳಿ ಕಂಡಿತು. ಮೃದುವಾದ ಹತ್ತಿ ಬಟ್ಟೆ.

"ಟೈಲರಮ್ಮಾ, ಬನ್ನಿ ಇಲ್ಲಿ" ಎಂದರು ಓನರಮ್ಮ. "ಬಟ್ಟೆ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದೇನು, ಯಾರದು, ನೋಡಿ ಹೇಳಿ."

ಅವಳು ಕೂತಳು. ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಅಂಚಿನಲ್ಲಿ ಲಾಡಿ ಪೋಣಿಸುವ ಮಡಿಕೆ, ಅದರ ಮೇಲೆ ಅವಳದೇ ಜೋಡಿ ಹೊಲಿಗೆ. ಎಲಾಸ್ಟಿಕ್ ಸೊಂಟಕ್ಕೆ ಕಚ್ಚುತ್ತದೆಂದು ಅಪ್ಪನ ಒಳಚಡ್ಡಿಗಳನ್ನು ಅವಳೇ ಹೊಲಿಯುತ್ತಿದ್ದಳು. ಅವಳು ಆ ಅಂಚನ್ನು ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಮಗುವಿನ ಬಟ್ಟೆ ಥರ ಇಲ್ವಾ?" ಓನರಮ್ಮ ಎರಡು ಮೆಟ್ಟಿಲು ಇಳಿದು ಬಂದರು. "ನರ್ಸಮ್ಮನ ಮಗೂಗೆ ಲಂಗೋಟಿ ಹೊಲಿದುಕೊಟ್ಟಿದ್ದು ನೀವೇ ಅಲ್ವಾ? ಅದೇ ಬಟ್ಟೆ ತಾನೇ ಇದು?"

ಮೇಲೆ, ಓನರಮ್ಮನ ಪಕ್ಕದ ಮನೆಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬಂದು, ಇನ್ನೂ ಬಟ್ಟೆ ಬದಲಿಸದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಕಟಕಟೆಗೆ ಒರಗಿ ನಿಂತಿದ್ದಳು. ಗಂಡ ಪರವೂರಿನ ಕೆಲಸದಲ್ಲಿದ್ದ. ಅವಳ ಕಣ್ಣು ಕೆಂಪಗಿದ್ದವು.

ಟೈಲರಮ್ಮ ಬಟ್ಟೆ ನೋಡಿದಳು. ನರ್ಸಮ್ಮ ತಂದುಕೊಟ್ಟ ಥಾನಿನಲ್ಲಿ ಲಂಗೋಟಿಗಳಿಗೆ ಕತ್ತರಿಸಿ ಉಳಿದದ್ದರಲ್ಲೇ ಅವಳು ಅಪ್ಪನ ಚಡ್ಡಿಗಳನ್ನು ಹೊಲಿದದ್ದು. "ಮಿಕ್ಕಿದ್ದು ನೀವೇ ಇಟ್ಕೊಳ್ಳಿ ಅಕ್ಕಾ, ತಾತನಿಗೆ ಏನಾದ್ರೂ ಆಗುತ್ತೆ" ಎಂದು ಆಗ ಹೇಳಿದ್ದವಳೂ ಇದೇ ನರ್ಸಮ್ಮ.

"ಹೌದು" ಎಂದಳು ಟೈಲರಮ್ಮ. "ಅದೇ ಥಾನಿನ ಬಟ್ಟೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಇಲ್ಲ!" ನರ್ಸಮ್ಮನ ದನಿ ಏರಿತು. "ನಾನು ಒಂದು ಬಟ್ಟೇನೂ ಹಾಕಿಲ್ಲ. ಆಸ್ಪತ್ರೆಲಿ ಕೆಲಸ ಮಾಡೋಳು ನಾನು, ಅಷ್ಟೂ ಗೊತ್ತಾಗಲ್ವಾ ನನಗೆ? ಅಕ್ಕಾ, ಸರಿಯಾಗಿ ನೋಡಿ ಹೇಳಿ."

"ಹೊಲಿದವರೇ ಹೇಳ್ತಿದ್ದಾರಲ್ಲ, ಇನ್ನೇನು ನೋಡೋದು? ಕೆಲಸಕ್ಕೆ ಹೋಗೋ ಗಡಿಬಿಡಿಲಿ ತೊಳೆಯೋಕೆ ಬೇಜಾರಾಗಿ ತಳ್ಳಿರ್ತೀರಿ. ಈ ತಿಂಗಳು ಮುಗಿಯೋದ್ರೊಳಗೆ ಬೇರೆ ಮನೆ ನೋಡ್ಕೊಳ್ಳಿ."

"ಈ ಕೂಸನ್ನ ಕಟ್ಕೊಂಡು ಮಳೇಲಿ ಎಲ್ಲಿಗೆ ಹೋಗ್ಲಿ ನಾನು?"

ಆಗ ಟೈಲರಮ್ಮನ ಬಾಗಿಲು ಒಳಗಿನಿಂದ ಸದ್ದು ಮಾಡಿತು. ಬಡಿತವಲ್ಲ, ಬೆರಳ ಗೆಣ್ಣಿನಿಂದ ತಟ್ಟಿದ ಸದ್ದು. ತಟ್ಟಿ, ಸ್ವಲ್ಪ ಬಿಟ್ಟು, ಮತ್ತೆ ತಟ್ಟಿತು.

"ನಿಮ್ಮ ತಂದೆ ಅಲ್ವಾ?" ಎಂದರು ಕಂಡಕ್ಟರರು. "ಚಿಲಕ ಹಾಕ್ಬಿಟ್ಟಿದ್ದೀರಲ್ಲ."

"ಜಾರಿ ಬಿದ್ದಾರು ಅಂತ ಹಾಕಿದೆ. ಏನಿಲ್ಲ, ಹೀಗೇ ತಟ್ಟುತ್ತಿರ್ತಾರೆ. ಅವರಿಗೆ ಮರೆವು."

"ಮಗಳೇ, ಬಾಗಿಲು ತೆಗಿ" ಎಂದಿತು ಒಳಗಿನ ದನಿ.

ಅವಳು ಕೂತಲ್ಲೇ ಕೂತಿದ್ದಳು. ಮುಷ್ಟಿಯೊಳಗಿನ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಮೊಣಕೈ ತನಕ ಇಳಿಯುತ್ತಿತ್ತು. ಮೇಲೆ ಮಗು ಅಳತೊಡಗಿತು. ನರ್ಸಮ್ಮ ಮಗುವಿನ ಬೆನ್ನು ತಟ್ಟುತ್ತ, ಓನರಮ್ಮನಿಗಲ್ಲ, ಇವಳಿಗೇ ಮತ್ತೊಮ್ಮೆ "ಅಕ್ಕಾ" ಎಂದಳು.   ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕು ಎಂದು ಟೈಲರಮ್ಮ ಲೆಕ್ಕ ಹಾಕಿದಳು. 

ಕೊನೆಗೆ ಅವಳು ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಎದ್ದಳು. ಕೆಸರಲ್ಲಿ ನಾಲ್ಕು ಹೆಜ್ಜೆ ನಡೆದು ಹೋಗಿ ಚಿಲಕ ತೆಗೆದಳು. ಇನ್ನು ಅಪ್ಪ ಏನು ಬಡಬಡಿಸಿದರೂ ಬಡಬಡಿಸಲಿ ಎಂದುಕೊಂಡಳು.

ಅಪ್ಪ ಬಡಬಡಿಸಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿದ್ದ, ತಲೆ ಬಾಚಿದ್ದ. ಗೋಡೆ ಹಿಡಿದುಕೊಂಡು ಚೇಂಬರಿನ ಹತ್ತಿರ ಬಂದು ನಿಂತ. ಆ ಹೊತ್ತಿಗೆ ಪೈಪಿನವನು ಎರಡನೇ ಮುದ್ದೆಯನ್ನು ಎಳೆದು ಹಾಕಿದ್ದ. ಅದರಲ್ಲಿ ಲಾಡಿಯೂ ಇತ್ತು.

"ಅದು ನಂದು" ಎಂದ ಅಪ್ಪ. "ಎರಡೂ ನಂದೇ."

ಓನರಮ್ಮ ಒಮ್ಮೆ ಬಟ್ಟೆಯನ್ನು, ಒಮ್ಮೆ ಮುದುಕನನ್ನು ನೋಡಿದರು.

"ಆ ಹುಡುಗಿ ಮೇಲೆ ಹಾಕ್ಬೇಡಿ. ಒಳಗಿಂದ ಎಲ್ಲ ಕೇಳಿಸ್ತಿತ್ತು ನನಗೆ." ಅವನು ಓನರಮ್ಮನನ್ನೇ ನೋಡಿ ಹೇಳುತ್ತಿದ್ದ, ಮಗಳ ಕಡೆ ತಿರುಗಲಿಲ್ಲ. "ನನಗೆ ಈಗೀಗ ತಡೆಯೋಕಾಗಲ್ಲ. ಬಚ್ಚಲು ಮುಟ್ಟೋದ್ರೊಳಗೆ ಆಗೋಗುತ್ತೆ. ಆ ಬಟ್ಟೇನ ಮಗಳ ಕೈಲಿ ಒಗೆಸೋಕೆ... ನಾಚಿಕೆ ಆಯ್ತು. ಅದಕ್ಕೇ ತಳ್ಳಿಬಿಡ್ತಿದ್ದೆ."

ಟೈಲರಮ್ಮ ಅವನ ಮುಖವನ್ನೇ ನೋಡಿದಳು. "ಮತ್ತೆ ಮರೆತುಹೋಯ್ತು ಅಂತಿದ್ದೆಯಲ್ಲಪ್ಪ?"

"ಹಾಗಂದ್ರೆ ನೀನು ಮುಂದಕ್ಕೆ ಕೇಳ್ತಿರಲಿಲ್ಲ."

ಅವಳು ಕುಕ್ಕಿದ ತಟ್ಟೆ, ತಲೆ ಕೆಟ್ಟ ಮುದುಕ ಎಂದು ಅವನಿಗೆ ಕೇಳುವ ಹಾಗೆಯೇ ಗಿರಾಕಿಗಳ ಮುಂದೆ ಆಡಿದ ಮಾತು, ಎಲ್ಲವೂ ಅವನಿಗೆ ನೆನಪಿದ್ದವು. ಒಂದನ್ನೂ ಮರೆತಿರಲಿಲ್ಲ. ಅದು ಅವಳಿಗೆ ಈಗ ಗೊತ್ತಾಯಿತು.

ಕಂಡಕ್ಟರರು ಮಡಚಿದ ಪ್ಯಾಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಮಡಚಿದರು. ಓನರಮ್ಮ ಕರ್ಚೀಫನ್ನು ಮೂಗಿನಿಂದ ತೆಗೆದು ಏನೋ ಹೇಳಹೊರಟು, "ನಾಳೆ ಮಾತಾಡೋಣ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ನಾಳೆ ಏನು ಮಾತಾಡುತ್ತಾರೋ ಅವರ ಬೆನ್ನು ನೋಡಿ ಹೇಳುವಂತಿರಲಿಲ್ಲ. ನರ್ಸಮ್ಮ ಕೆಳಗಿಳಿದು ಬಂದಳು. ಟೈಲರಮ್ಮನ ಕಡೆ ಕಣ್ಣೆತ್ತಿಯೂ ನೋಡದೆ, "ತಾತಾ, ಅದಕ್ಕೆ ಮಾತ್ರೆ ಇದೆ. ಡಾಕ್ಟರಿಗೆ ತೋರಿಸಬೇಕು. ಸಂಜೆ ಬರ್ತೀನಿ" ಎಂದು ಹೇಳಿ, ಅಳುವ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೇಲೆ ಹೋದಳು.

ಪೈಪಿನವನು ಕೊನೆಯ ಸಲ ಸಲಾಕೆ ತೂರಿದ. ಕಟ್ಟಿಕೊಂಡಿದ್ದ ನೀರು ಒಂದೇ ಉಸಿರಿಗೆ ಗೊರಗೊರನೆ ಇಳಿದು, ಚೇಂಬರಿನ ತಳದ ಸಿಮೆಂಟು ಕಂಡಿತು.

ಅಪ್ಪ ಕಲ್ಲಿನ ಮೇಲಿದ್ದ ಬಟ್ಟೆ ಎತ್ತಿಕೊಳ್ಳಲು ಬಗ್ಗಿದ. ಸೊಂಟ ಬಗ್ಗಲಿಲ್ಲ. ಟೈಲರಮ್ಮ ಎರಡನ್ನೂ ಬರಿಗೈಯಲ್ಲಿ ಎತ್ತಿಕೊಂಡು ಮಳೆನೀರು ತುಂಬಿದ ಡ್ರಮ್ಮಿನ ಬಳಿಗೆ ಹೋದಳು. ಒಂದೊಂದಾಗಿ ಜಾಲಿಸಿದಳು, ಸಾಬೂನು ಹಚ್ಚಿ ಉಜ್ಜಿದಳು, ಮತ್ತೆ ಜಾಲಿಸಿದಳು. ಹರಿದ ಬಟ್ಟೆ, ಇನ್ನು ಯಾರೂ ಹಾಕಿಕೊಳ್ಳುವಂಥದ್ದಲ್ಲ. ಆದರೂ ಹಿಂಡಿ, ಕೊಡವಿ, ಎಲ್ಲರ ಬಾಗಿಲಿಗೂ ಕಾಣುವ ಅಂಗಳದ ತಂತಿಯ ಮೇಲೆ ಹರವಿದಳು. ಅಪ್ಪನ ಒಳಬಟ್ಟೆಯನ್ನು ಅವಳು ಇಷ್ಟು ದಿನ ಒಣಹಾಕುತ್ತಿದ್ದದ್ದು ಮನೆಯೊಳಗಿನ ಕೋಣೆಯಲ್ಲಿ.

ಗಾಳಿಗೆ ಬಟ್ಟೆ ಒಂದು ಬದಿಗೆ ಜಾರಿತು. ಹಿಂದಿನಿಂದ ಅಪ್ಪನ ಕೈ ಮುಂದೆ ಬಂತು. ಅದರಲ್ಲಿ ಒಂದು ಕ್ಲಿಪ್ಪಿತ್ತು.