ಗುಮ್ಮುಚ್ಚಿ ಅಂದರೇನು?

ಕೆಟ್ಟದ್ದು ಕೆಟ್ಟವರ ಕೈಯಿಂದಲೇ ಆಗಬೇಕು ಅಂತ ಎಲ್ಲಿ ಬರೆದಿದೆ? ದೊಡ್ಡವರಿಗೆ ಕಸುಬು ಕಲಿಸುವ ಆ ಸಮುದಾಯ ಕಾಲೇಜಿನಲ್ಲಿ ಸುದ್ದಿಯಣ್ಣನಂಥ ಸಾಧುಪ್ರಾಣಿ ಇನ್ನೊಬ್ಬ ಇರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು. ನಿವೃತ್ತನಾಗಿ ಮನೆಯಲ್ಲಿ ಕೂತರೆ ಹೆಂಡತಿಯ ಬಾಯಿಗೆ ಬೀಳಬೇಕಾಗುತ್ತದೆ ಅಂತ ಮುದ್ರಣದ ತರಗತಿಗೆ ಸೇರಿಕೊಂಡ. ಕಾಲೇಜಿನ ನಾಲ್ಕು ಪುಟದ ವಾರಪತ್ರಿಕೆಯನ್ನು ತಾನೇ ಹೊತ್ತುಕೊಂಡ. ಯಾರಿಗೆ ಕೆಲಸ ಸಿಕ್ಕಿತು, ಯಾವ ನಲ್ಲಿ ಕೆಟ್ಟಿದೆ, ಗ್ರಂಥಾಲಯದ ಬೆಕ್ಕು ಎಷ್ಟು ಮರಿ ಹಾಕಿತು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಅಂಥವನು ಒಳ್ಳೆಯದು ಮಾಡಲು ಹೋಗಿ ಮಾಡಿದ ಎಡವಟ್ಟು ಇದು.

ವರ್ಷದ ಕೊನೆಯ ರಜೆಗೆ ಮುಂಚೆ ಕಾಲೇಜಿನ ಸಭಾಂಗಣದಲ್ಲಿ ಒಂದು ಹಲಗೆ ನಿಲ್ಲಿಸುತ್ತಿದ್ದರು. ಅದಕ್ಕೆ ಆಸೆ ಹಲಗೆ ಅಂತ ಹೆಸರು. ಕೈ ಬಿಗಿ ಇರುವ ವಿದ್ಯಾರ್ಥಿಗಳ ಮಕ್ಕಳು ತಮಗೇನು ಬೇಕು ಅಂತ ಒಂದೊಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ಮನಸ್ಸಿದ್ದವರು ಚೀಟಿ ಕಿತ್ತುಕೊಂಡು ಹೋಗಿ ಆ ವಸ್ತು ತಂದುಕೊಡಬೇಕು. ಚೀಟಿಯ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾರ ಮಗುವಿನದು ಅನ್ನುವುದು ಕಚೇರಿಯ ಬೀರುವಿನಲ್ಲಿ ಭದ್ರ. ಕೊಟ್ಟವರಿಗೆ ಜಂಬ ಬೇಡ, ಪಡೆದವರಿಗೆ ನಾಚಿಕೆ ಬೇಡ ಅಂತ ಮಾಡಿದ ಏರ್ಪಾಡು.

ಶುಕ್ರವಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಬೇಕರಿ ತರಗತಿಯಲ್ಲಿ ಬನ್ನುಗಳು ಒಲೆಯಿಂದ ಹೊರಬಂದಿದ್ದವು. ಮೂರಕ್ಕೆ ಉಡುಗೊರೆ ಹಂಚುವಾಗ ಮಕ್ಕಳಿಗೆಲ್ಲ ಈ ಬನ್ನೇ ತಿಂಡಿ. ಮೌನಕ್ಕ ತಟ್ಟೆಗಳ ಕೆಳಗೆ ಹಾಸಲು ಬಾಗಿಲ ಬಳಿಯ ಪೇಪರ್ ಕಟ್ಟಿಗೆ ಕೈಹಾಕಿದಳು. ಮೌನಕ್ಕ ಅನ್ನುವುದು ತರಗತಿಯ ಹೆಂಗಸರು ಅವಳಿಗೆ ಇಟ್ಟ ಹೆಸರು. ಸೇರಿ ಎಂಟು ತಿಂಗಳಾಗಿದ್ದರೂ ಹಿಟ್ಟು, ಉಪ್ಪು, ಹೂಂ, ಉಹೂಂ ಬಿಟ್ಟರೆ ಬೇರೆ ಮಾತು ಅವಳ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಪೇಪರು ಅವತ್ತಿನದೇ. ಮೊದಲ ಪುಟದಲ್ಲಿ ಅಂಗೈ ಅಗಲದ ಅಕ್ಷರ: 'ಗುಮ್ಮುಚ್ಚಿ ಅಂದರೇನು?'

ಅವಳು ಪೇಪರನ್ನು ಬೆಳಕಿಗೆ ಹಿಡಿದಳು. ಕೆಳಗೆ ಮಗಳ ಸೊಟ್ಟ ಅಕ್ಷರದ ಚೀಟಿಯ ಚಿತ್ರ. 'ನನಗೆ ಒಂದು ಗುಮ್ಮುಚ್ಚಿ ಬೇಕು. ಇಬ್ಬರು ಹಿಡಿಸೋ ಅಷ್ಟು ದೊಡ್ಡದು.' ಅದರ ಕೆಳಗೆ ಸುದ್ದಿಯಣ್ಣನ ಒಕ್ಕಣೆ: 'ಹದಿನೇಳನೇ ಚೀಟಿಯ ಪುಟಾಣಿ ಕೇಳಿರುವ ಈ ವಸ್ತು ಯಾವ ನಿಘಂಟಿನಲ್ಲೂ ಇಲ್ಲ, ಯಾವ ಅಂಗಡಿಯಲ್ಲೂ ಇಲ್ಲ. ಬಲ್ಲವರು ದಯವಿಟ್ಟು ತಿಳಿಸಿ.'

ಬಲ್ಲವರು! ಲೋಕದಲ್ಲಿ ಆ ಮಾತನ್ನು ಬಲ್ಲವರು ಮೂರೇ ಜನ. ಒಬ್ಬಳು ಪೇಪರ್ ಹಿಡಿದು ನಿಂತಿದ್ದಾಳೆ. ಇನ್ನೊಬ್ಬಳು ಏಳು ವರ್ಷದವಳು, ಪಕ್ಕದ ಕಟ್ಟಡದ ಮಕ್ಕಳ ಕೋಣೆಯಲ್ಲಿ ಬಣ್ಣದ ಕಾಗದ ಕತ್ತರಿಸುತ್ತಿದ್ದಾಳೆ. ಮೂರನೆಯವನಿಂದ ತಪ್ಪಿಸಿಕೊಂಡೇ ಇಬ್ಬರೂ ಈ ಊರಿಗೆ ಬಂದದ್ದು.

ಆ ಮಾತು ಹುಟ್ಟಿದ್ದು ಮಗಳಿಗೆ ಮೂರು ವರ್ಷವಿದ್ದಾಗ. ಮೆಟ್ಟಿಲ ಮೇಲೆ ಗಂಡನ ಹೆಜ್ಜೆ ಒಂದು ಥರ ಎಳೆದು ಎಳೆದು ಕೇಳಿಸಿದರೆ ಅವಳು ಊಟದ ಮೇಜಿನ ಮೇಲೆ ದೊಡ್ಡ ಹೊದಿಕೆ ಎಳೆದು, ಮಗುವನ್ನು ಎತ್ತಿಕೊಂಡು ಒಳಗೆ ತೂರಿಕೊಳ್ಳುತ್ತಿದ್ದಳು. 'ಗುಮ್ಮ ಬರ್ತಾನೆ, ಮುಚ್ಚು ಮುಚ್ಚು' ಅನ್ನುತ್ತಿದ್ದದ್ದು ಮಗುವಿನ ಬಾಯಲ್ಲಿ ಗುಮ್ಮುಚ್ಚಿಯಾಯಿತು. ಅವನು ಬಂದವನೇ ಹೊದಿಕೆ ಎಳೆಯುತ್ತಿರಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಬರುತ್ತಿದ್ದ. ಉಗುರಿನಿಂದ ಮರದ ಮೇಲೆ ಟಕಟಕ ಬಡಿಯುತ್ತಿದ್ದ. ಆಮೇಲೆ ಬೆಲ್ಲದಂಥ ದನಿಯಲ್ಲಿ, "ಗುಮ್ಮುಚ್ಚಿಯೊಳಗೆ ಯಾರಿದ್ದೀರಿ?" ಅನ್ನುತ್ತಿದ್ದ. ಮಗು ಆಟ ಅಂದುಕೊಂಡು, "ಯಾರೂ ಇಲ್ಲ!" ಅಂತ ಕಿಲಕಿಲ ನಗುತ್ತಿತ್ತು. ಆಗ ಹೊದಿಕೆ ಸರಿದು ಕೈಯೊಂದು ಒಳಗೆ ಬರುತ್ತಿತ್ತು, ತಾಯಿಯ ಜುಟ್ಟಿಗೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಐದು ತುಂಬುವಷ್ಟರಲ್ಲಿ ಮಗುವಿನ ನಗು ನಿಂತಿತ್ತು. ಆದರೂ 'ಯಾರೂ ಇಲ್ಲ' ಅನ್ನುವುದು ನಿಂತಿರಲಿಲ್ಲ. ಕೇಳಿದರೆ ಹೇಳಬೇಕು ಅನ್ನುವುದು ಅದಕ್ಕೆ ರೂಢಿಯಾಗಿ ಹೋಗಿತ್ತು.

ಈಗಿರುವ ಒಂಟಿ ಕೋಣೆಯಲ್ಲಿ ಮೇಜಿಲ್ಲ. ತಾಯಿ ಮಗಳು ನೆಲದ ಮೇಲೆ ಬಯಲಲ್ಲೇ ಮಲಗುತ್ತಾರೆ. ಮಗಳು ಗುಮ್ಮುಚ್ಚಿ ಕೇಳಿದ್ದು ಅದಕ್ಕೆ.

ಬನ್ನಿನ ತಟ್ಟೆ ಅಲ್ಲೇ ಬಿಟ್ಟು ಅವಳು ಪತ್ರಿಕೆಯ ಕೋಣೆಗೆ ಓಡಿದಳು. ಸುದ್ದಿಯಣ್ಣ ಕನ್ನಡಕ ಹಣೆಗೇರಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದ.

"ಅಣ್ಣಾ, ಇದನ್ನ... ಇದನ್ನ ವಾಪಸ್ ತಗೊಳ್ಳೋಕಾಗುತ್ತಾ?"

"ಅಯ್ಯೋ ಮೌನಕ್ಕ ಮಾತಾಡಿಬಿಟ್ಲು! ಇದೇ ಒಂದು ಸುದ್ದಿ ಕಣಮ್ಮ. ಯಾಕೆ ವಾಪಸ್ಸು? ಹೆಸರಿಲ್ಲ, ಊರಿಲ್ಲ, ವಯಸ್ಸು ಕೂಡ ಹಾಕಿಲ್ಲ. ನಾನು ಆ ವಿಷಯದಲ್ಲಿ ಬಲು ಹುಷಾರು. ಅಚ್ಚಿಗೆ ಎರಡು ದಿನ ಮುಂಚೇನೇ ಫೋನಲ್ಲಿ ಹರಿಬಿಟ್ಟೆ ನೋಡು, ಜನ ಹಂಚಿದ್ದೇ ಹಂಚಿದ್ದು. ನಲವತ್ತು ಸಾವಿರ ಜನ ಓದಿದ್ದಾರೆ!"

ಅವಳು ಪೇಪರನ್ನು ಮುದುರಿ ಹಿಡಿದಳು. "ಯಾರಾದ್ರೂ... ಹೇಳಿದ್ರಾ?"

"ಹೇಳದೇ ಏನು? ಬೆಳಿಗ್ಗೇನೇ ಫೋನ್ ಬಂತು. ಎಷ್ಟು ಮೃದು ಮಾತು ಗೊತ್ತಾ ಆ ಮನುಷ್ಯಂದು! ಮೇಜಿನ ಮೇಲೆ ಹೊದಿಕೆ ಹಾಕಿ ಒಳಗೆ ಕೂರೋ ಆಟವಂತೆ. 'ನಮ್ಮನೇಲೂ ಆಡ್ತಿದ್ವಿ ಸಾರ್, ಹೊರಗಿರೋರು ಯಾರಿದ್ದೀರಿ ಅಂತ ಕೇಳ್ಬೇಕು, ಒಳಗಿರೋರು ಯಾರೂ ಇಲ್ಲ ಅನ್ಬೇಕು' ಅಂತ ನಕ್ಕಿದ್ದೇ ನಕ್ಕಿದ್ದು. ಡೇರೆ ಥರ ಮಕ್ಕಳ ಬಟ್ಟೆಮನೆ ಸಿಗುತ್ತಲ್ಲ, ಅದನ್ನ ಕೊಂಡು ತಾನೇ ಬಂದು ಮಗುವಿನ ಕೈಗೇ ಕೊಡ್ತಾನಂತೆ. ಮೂರು ಗಂಟೆಗೆ ಬನ್ನಿ ಅಂದೆ. ಏನಮ್ಮಾ? ಯಾಕೆ ಹಾಗೆ ಬಿಳಿಚಿಕೊಂಡೆ?"

ಗೋಡೆಯ ಗಡಿಯಾರ ಎರಡು ನಲವತ್ತು ತೋರಿಸುತ್ತಿತ್ತು. ಅಂಗಳ ದಾಟಿದ್ದು, ಮಕ್ಕಳ ಕೋಣೆಯಿಂದ ಮಗಳನ್ನು ಕತ್ತರಿಯ ಸಮೇತ ಎಳೆದುಕೊಂಡಿದ್ದು ಅವಳಿಗೆ ಆಮೇಲೆ ನೆನಪೇ ಇರಲಿಲ್ಲ. ಓಡಬೇಕು. ಎಲ್ಲಿಗೆ? ಗೇಟಿಗೆ ಒಂದೇ ದಾರಿ, ಅವನೂ ಬರುವುದು ಅದೇ ದಾರಿಯಲ್ಲಿ. ಓಡಿದರೂ ಇನ್ನೊಂದು ಊರು, ಇನ್ನೊಂದು ಕೋಣೆ, ಮತ್ತೆ ಯಾರ ಹತ್ತಿರವೂ ಮಾತಾಡದ ಎಂಟು ತಿಂಗಳು. ಮುಂದಿನ ವಾರ ಪರೀಕ್ಷೆ ಮುಗಿದರೆ ಬೇಕರಿಯಲ್ಲಿ ಕೆಲಸ ಖಾತ್ರಿ ಅಂದಿದ್ದರು. ಅದೂ ಹೋಯಿತು. ಕಾಲುಗಳು ತಾವಾಗಿಯೇ ಅವಳನ್ನು ಬೇಕರಿ ಕೋಣೆಗೆ ತಂದವು. ಹೆದರಿದ ದನ ಕೊಟ್ಟಿಗೆಗೇ ತಾನೆ ಓಡುವುದು.

"ಅಮ್ಮಾ, ಯಾಕೆ?" ಅಂದಳು ಮಗಳು. ತಾಯಿಯ ಮುಖ ನೋಡಿ ಅವಳ ಸೆರಗು ಹಿಡಿದುಕೊಂಡಳು.

ಬಾಗಿಲಲ್ಲಿ ಲಟ್ಟಣಿಗೆ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೇಕರಿ ಪಾಠ ಹೇಳುವವರು, ಐವತ್ತೈದರ ಹೆಂಗಸು. ಲಟ್ಟಣಿಗೆ ಕೈಬಿಟ್ಟು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಬನ್ನೆಲ್ಲ ಆರಿ ಕಲ್ಲಾಯ್ತು. ಎಲ್ಲಿ ಹಾಳಾಗಿ ಹೋಗಿದ್ದೆ ನೀನು?"

ಹೇಳಬೇಕು ಅಂತ ಮೌನಕ್ಕ ಎಷ್ಟೋ ಸಲ ಅಂದುಕೊಂಡಿದ್ದಳು. ಅರ್ಜಿಯಲ್ಲಿ 'ಗಂಡ: ಪರ ಊರಿನಲ್ಲಿ ಕೆಲಸ' ಅಂತ ಬರೆದಿದ್ದಳು. ಮನೆಯ ಗುಟ್ಟು ರಟ್ಟಾದರೆ ನಾಲ್ಕು ಜನ ನಾಲ್ಕು ಥರ ಆಡಿಕೊಳ್ಳುತ್ತಾರೆ, ನೀನೇನು ಮಾಡಿದ್ದೆ ಅಂತ ಕೇಳುತ್ತಾರೆ. ಸ್ವಂತ ಅಕ್ಕನೇ ಕೇಳಿದ್ದಳು. ಈಗ ಎಲ್ಲ ಒಂದೇ ಉಸಿರಿಗೆ ಹೊರಗೆ ಬಂತು.

"ಮೇಡಂ, ನನ್ನ ಗಂಡ ಬರ್ತಿದ್ದಾನೆ. ಹೊಡೀತಾನೆ. ಸಾಯಿಸ್ತೀನಿ ಅಂದಿದ್ದಾನೆ. ಪೇಪರ್ ನೋಡಿ, ಮಕ್ಕಳ ಬಟ್ಟೆಮನೆ ಹಿಡ್ಕೊಂಡು ಬರ್ತಿದ್ದಾನೆ."

ಕೋಣೆಯಲ್ಲಿದ್ದ ಹನ್ನೊಂದು ಹೆಂಗಸರ ಕೈ ನಿಂತಿತು. ಲಟ್ಟಣಿಗೆ ಮೇಡಂ 'ಅಯ್ಯೋ ಪಾಪ' ಅನ್ನಲಿಲ್ಲ, 'ಯಾಕೆ' ಅನ್ನಲಿಲ್ಲ. ಒಬ್ಬಳಿಗೆ ಪೊಲೀಸರಿಗೆ ಫೋನ್ ಮಾಡು ಅಂದರು. ಇನ್ನೊಬ್ಬಳಿಗೆ ಹಿಂದಿನ ಬಾಗಿಲ ಚಿಲಕ ಹಾಕು ಅಂದರು. ತಾವು ಗೇಟಿಗೆ ಫೋನ್ ಹಚ್ಚಿದರು.

"ಕೈಯಲ್ಲಿ ಮಕ್ಕಳ ಬಟ್ಟೆಮನೆ ಹಿಡ್ಕೊಂಡು ಒಬ್ಬ ಬರ್ತಾನೆ, ಒಳಗೆ ಬಿಡಬೇಡಿ." ಆ ಕಡೆಯಿಂದ ಏನೋ ಕೇಳಿ ಅವರ ಮುಖ ಬಿಗಿಯಿತು. "ಯಾವಾಗ? ನೀವೇ ಹೊತ್ತುಕೊಂಡು ಬಂದ್ರಾ? ಕರ್ಮ!"

ಅವನು ಬಂದು ಐದು ನಿಮಿಷವಾಗಿತ್ತು. ಬಣ್ಣದ ಕಾಗದ, ರಿಬ್ಬನ್ನು ನೋಡಿ ಕಾವಲಿನ ಮುದುಕಪ್ಪನೇ ಪೆಟ್ಟಿಗೆಗೆ ಕೈಕೊಟ್ಟು ಸಭಾಂಗಣದವರೆಗೆ ಬಿಟ್ಟುಬಂದಿದ್ದ.

ಅಷ್ಟರಲ್ಲಿ ಸುದ್ದಿಯಣ್ಣ ಏದುಸಿರು ಬಿಡುತ್ತ ಬಂದ. ದಾರಿಯಲ್ಲೇ ಅರ್ಥವಾಗಿತ್ತೋ ಏನೋ, ಕಣ್ಣಲ್ಲಿ ನೀರಿತ್ತು. "ಮಗಳು ಎಲ್ಲಿ, ಹೆಂಡ್ತಿ ಎಲ್ಲಿ ಅಂತ ಒಂದೊಂದೇ ಬಾಗಿಲು ತಳ್ಳಿಕೊಂಡು ಬರ್ತಿದ್ದಾನೆ. ನನ್ನಿಂದ ತಪ್ಪಾಯ್ತಮ್ಮ, ಮುಂದಿನ ಸಂಚಿಕೇಲಿ ತಿದ್ದುಪಡಿ ಹಾಕ್ತೀನಿ..."

"ಹಾಕಿ, ಹಾಕಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!" ಅಂದರು ಮೇಡಂ. "ಒಳಗೆ ಬನ್ನಿ ಮೊದ್ಲು." ಬಾಗಿಲು ಮುಚ್ಚಿದರು. ಆ ಬಾಗಿಲಿಗೆ ಒಳಚಿಲಕ ಇರಲಿಲ್ಲ. ಎರಡು ವರ್ಷದಿಂದ ಅವರು ಅರ್ಜಿ ಕೊಡುತ್ತಲೇ ಇದ್ದರು.

ಮೌನಕ್ಕ ಮಗಳನ್ನು ಎಳೆದುಕೊಂಡು ಹಿಟ್ಟು ನಾದುವ ದೊಡ್ಡ ಸ್ಟೀಲ್ ಮೇಜಿನ ಕೆಳಗೆ ತೂರಿದಳು. ಯಾರೋ ಮೇಲಿನಿಂದ ಬಿಳಿ ಮೇಜುಬಟ್ಟೆ ಇಳಿಬಿಟ್ಟರು. ಎಂಟು ತಿಂಗಳು, ನಾಲ್ಕು ಬಸ್ಸು, ಹೊಸ ಊರು, ಎಲ್ಲ ಮಾಡಿ ಕೊನೆಗೆ ಬಂದು ಕೂತದ್ದು ಮತ್ತೆ ಮೇಜಿನ ಕೆಳಗೇ. ಬಟ್ಟೆಯ ಆಚೆ ಹನ್ನೊಂದು ಜೊತೆ ಚಪ್ಪಲಿಗಳ ನೆರಳು ಅಲ್ಲಾಡದೆ ನಿಂತಿತ್ತು. ಮಗಳ ಎದೆಬಡಿತ ಅವಳ ತೋಳಿಗೆ ತಾಗುತ್ತಿತ್ತು.

ಕಾರಿಡಾರಿನಲ್ಲಿ ಹೆಜ್ಜೆ ಕೇಳಿಸಿತು. ಎಳೆದು ಎಳೆದು. ಬಾಗಿಲ ಹೊರಗೆ ಹೆಜ್ಜೆ ನಿಂತಿತು. ಉಗುರುಗಳು ಮರದ ಮೇಲೆ ಟಕಟಕ ಬಡಿದವು.

"ಗುಮ್ಮುಚ್ಚಿಯೊಳಗೆ ಯಾರಿದ್ದೀರಿ?"

ಮಗಳ ತುಟಿ ತೆರೆದದ್ದು ಅವಳಿಗೆ ಕಂಡಿತು. ನೆಲದ ಹಿಟ್ಟು ಮೆತ್ತಿದ ಅಂಗೈಯನ್ನು ಅದರ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು. ಒಲೆಯ ಒಳಗೆ ಲೋಹ ಆರುತ್ತ ಚಿಟ್ ಅಂದಿತು.

"ಯಾರಿದ್ದೀರಿ ಅಂದೆ?"

ಬಾಗಿಲು ತೆರೆದುಕೊಂಡಿತು. "ನಮಸ್ಕಾರ ಮೇಡಂ," ಅಂತ ಅದೇ ಬೆಲ್ಲದ ದನಿ. "ನನ್ನ ಹೆಂಡ್ತಿ ಇಲ್ಲಿ ಕಲೀತಾಳೆ ಅಂದ್ರು."

"ಇಲ್ಲಿ ಅಂಥೋರು ಯಾರೂ ಇಲ್ಲ," ಅಂದರು ಲಟ್ಟಣಿಗೆ ಮೇಡಂ.

ಯಾರೂ ಇಲ್ಲ. ಆ ಮಾತು ಮೌನಕ್ಕನ ಕಿವಿಗೆ ಬಿತ್ತು. ಅವನು ನಕ್ಕ. ಆ ನಗು ಅವಳಿಗೆ ಗೊತ್ತು. ಯಾರೂ ಇಲ್ಲ ಅಂದ ಮೇಲೇ ಅವನು ಹೊದಿಕೆಗೆ ಕೈಹಾಕುತ್ತಿದ್ದದ್ದು. ಹೆಜ್ಜೆಗಳು ಒಳಗೆ ಬಂದವು, ಸ್ಟೀಲ್ ಮೇಜಿನ ಕಡೆಗೇ ಬಂದವು. ಬಟ್ಟೆಯ ಅಂಚಿನಲ್ಲಿ ಅವನ ಕಂದು ಬೂಟಿನ ತುದಿ ಕಂಡಿತು. ಈಗ ಕೈ ಬರುತ್ತದೆ. ಈ ಸಲ ಅದು ಮೊದಲು ಮುಟ್ಟುವುದು ಮಗಳನ್ನು, ಏಕೆಂದರೆ ಅಂಚಿಗೆ ಕೂತಿರುವುದು ಮಗಳು.

ಅವಳು ಮೇಜಿನ ಇನ್ನೊಂದು ಬದಿಯಿಂದ ತೆವಳಿ ಎದ್ದು ನಿಂತಳು. ನಿಲ್ಲಲು ಮೇಜು ಹಿಡಿದುಕೊಳ್ಳಬೇಕಾಯಿತು.

"ನಾನಿದ್ದೀನಿ," ಅಂದಳು.

ಅವನು ಒಂದು ಗಳಿಗೆ ತಬ್ಬಿಬ್ಬಾದ. ಈ ಉತ್ತರ ಆ ಆಟದಲ್ಲಿ ಇರಲಿಲ್ಲ. ಆಮೇಲೆ ಸುತ್ತಲಿದ್ದವರ ಕಡೆ ತಿರುಗಿ ಮುಗುಳ್ನಕ್ಕ. "ತಪ್ಪು ತಿಳ್ಕೋಬೇಡಿ ತಾಯಂದಿರಾ. ಹಿರಿಯರು ಹೇಳಿಲ್ವಾ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ನಾನು ಉಂಡಿದ್ದು ಬರೀ ಏಟು," ಅಂದಳು ಮೌನಕ್ಕ. ದನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಎಂಟು ವರ್ಷ ಉಂಡೆ. ಸಾಕು."

ಅವನ ಮುಖದ ನಗು ಇಳಿಯಿತು. ಕೈ ಮೇಲೆದ್ದಿತು. ಆಗ ಸುದ್ದಿಯಣ್ಣ ಹಿಂದುಮುಂದು ನೋಡದೆ ನಡುವೆ ನುಗ್ಗಿದ. ಅವಳಿಗೆ ಬೀಳಬೇಕಿದ್ದ ಏಟು ಅವನಿಗೆ ಬಿತ್ತು, ಹಣೆಯ ಮೇಲಿನ ಕನ್ನಡಕ ಹಾರಿತು. ಅಷ್ಟೇ ಸಾಕಾಯಿತು. ಹನ್ನೊಂದು ಹೆಂಗಸರು ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದರು. ಮೇಡಂ ಲಟ್ಟಣಿಗೆಯನ್ನು ಎತ್ತಲಿಲ್ಲ, ಸುಮ್ಮನೆ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಅವನು ಬಾಗಿಲಿನತ್ತ ಹಿಂದೆ ಸರಿದ. ಹೊರಗೆ ಕಾವಲಿನ ಮುದುಕಪ್ಪ ಪಕ್ಕದ ಠಾಣೆಯಿಂದ ಬಂದ ಇಬ್ಬರು ಪೊಲೀಸರಿಗೆ, "ಇವನೇ, ಇವನೇ ಸ್ವಾಮಿ," ಅಂತ ಕೂಗುತ್ತಿದ್ದ.

ಕಾರಿಡಾರಿನಲ್ಲಿ ಗದ್ದಲ ದೂರವಾಗುವ ತನಕ ಮೌನಕ್ಕ ಮೇಜು ಬಿಡಲಿಲ್ಲ. ಯಾರೋ ನೀರು ಕೊಟ್ಟರು, ಅರ್ಧ ಎದೆಯ ಮೇಲೆ ಚೆಲ್ಲಿತು. ಪೊಲೀಸರು ಹೇಳಿಕೆ ಕೇಳುತ್ತಾರೆ, ತಾನೂ ಜೊತೆಗೆ ಬರುತ್ತೇನೆ ಅಂದರು ಮೇಡಂ. ಅವಳು ಹೂಂ ಅಂದಳು. ಅವನು ಎಷ್ಟು ದಿನ ಒಳಗಿರುತ್ತಾನೆ, ಹೊರಗೆ ಬಂದ ಮೇಲೇನು, ಅದು ಯಾರಿಗೂ ಗೊತ್ತಿರಲಿಲ್ಲ. ಭಯ ಎಲ್ಲಿಗೂ ಹೋಗಿರಲಿಲ್ಲ.

ಆಮೇಲೆ ಬಗ್ಗಿ ಮೇಜುಬಟ್ಟೆ ಎತ್ತಿದಳು.

ಮಗಳು ಹಾಗೇ ಕೂತಿದ್ದಳು. ಬಾಯಿಯ ಸುತ್ತ ತಾಯಿಯ ಐದು ಬೆರಳಿನ ಹಿಟ್ಟಿನ ಗುರುತು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬಟ್ಟೆ ಸರಿದ ಸದ್ದಿಗೆ ಇನ್ನಷ್ಟು ಮುದುಡಿ, ಕೇಳಿಯೂ ಕೇಳಿಸದ ದನಿಯಲ್ಲಿ ಅಂದಳು: "ಯಾರೂ ಇಲ್ಲ."

"ಇದ್ದೀವಿ ಕಣೇ," ಅಂದಳು ಮೌನಕ್ಕ. ಮಗಳು ಕಣ್ಣು ತೆರೆಯಲಿಲ್ಲ. "ಇದ್ದೀವಿ. ಕಣ್ಣು ಬಿಟ್ಟು ನೋಡು ಪುಟ್ಟಿ, ನಾವೆಲ್ಲ ಇದ್ದೀವಿ," ಅಂತ ಹೇಳುತ್ತಲೇ, ತಾನೂ ಅವಳ ಪಕ್ಕ ಮೇಜಿನ ಕೆಳಗೆ ಕೂತುಬಿಟ್ಟಳು. ಮೇಲಿನಿಂದ ಲಟ್ಟಣಿಗೆ ಮೇಡಂ ಸದ್ದಿಲ್ಲದೆ ಮೇಜುಬಟ್ಟೆಯನ್ನು ಪೂರ್ತಿ ಎಳೆದು ತೆಗೆದರು.